ಕೆಂಚಿಯ ಹಗ್ಗ

ನಮ್ಮೂರಿನ ಹೆಸರು ಯಾವ ಬಸ್ಸಿನ ಬೋರ್ಡಿನಲ್ಲೂ ಇಲ್ಲ. ಕಂಡಕ್ಟರು "ಯಾರ್ರೀ ನೆಂಟರ ಊರು, ಇಳೀರಿ ಇಳೀರಿ" ಎಂದು ಸೀಟಿ ಊದುತ್ತಾನೆ. ಇಳಿಯಬೇಕಾದವರು ಇಳಿಯುತ್ತಾರೆ. ಮುಂದಕ್ಕೆ ಹೋಗುವವರು ಕಿಟಕಿಯಿಂದ ಸಂತ ಅಂತೋಣಿಯವರ ಗುಡಿಯ ಗೋಪುರ ನೋಡಿ ಶಿಲುಬೆ ಗುರುತು ಹಾಕಿಕೊಳ್ಳಲು ಕೈ ಎತ್ತುತ್ತಾರೆ. ಎಲ್ಲಿ ಏನು ಬಂದು ಪಕ್ಕದ ಸೀಟಿನಲ್ಲಿ ಕೂತುಬಿಡುತ್ತದೋ ಎಂದು ಹೆದರಿ, ಎತ್ತಿದ ಕೈಯಲ್ಲಿ ತಲೆ ಕೆರೆದುಕೊಳ್ಳುತ್ತಾರೆ.

ಪಾಪ, ದಾರಿಹೋಕರಿಗೆ ಏನೂ ಆಗುವುದಿಲ್ಲ. ನಮ್ಮೂರ ಬಾವಿ ನೀರು ಮೈಗೆ ಹತ್ತಿದವರಿಗೆ ಮಾತ್ರ ಇದು. ಪ್ರಾರ್ಥನೆ ಮಾಡುವಾಗ ಅವರ ಮನಸ್ಸು ಎತ್ತ ಜಾರುತ್ತದೋ ಅದೇ ಬಂದು ಪಕ್ಕದಲ್ಲಿ ಕೂರುತ್ತದೆ. ಹೊಗೆಯಲ್ಲ, ನೆರಳಲ್ಲ, ಮುಟ್ಟಿದರೆ ಕೈಗೆ ಸಿಗುವ ಹಾಗೆ ಬರುತ್ತದೆ. ಪ್ರಾರ್ಥನೆ ಮುಗಿಸಿ ಆಮೆನ್ ಅಂದಮೇಲೆ ಹೋಗುತ್ತದೆ. ಹೀಗೆ ಬರುವುದನ್ನು ನಾವು ನೆಂಟರು ಅನ್ನುತ್ತೇವೆ. ಗುಡಿಯ ಬೆಂಚಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದಾಳು ಜಾಗ ಬಿಟ್ಟು ಕೂರುವುದು ನಮ್ಮ ರೂಢಿ. ಪಕ್ಕದವರ ನೆಂಟರ ಕಡೆ ಕಣ್ಣು ಹಾಯಿಸದಿರುವುದು ನಮ್ಮ ಮರ್ಯಾದೆ. ಬ್ಯಾಂಡ್ ಸೆಟ್ಟಿನ ಬರ್ತಲೋಮಿಯ ಪಕ್ಕದಲ್ಲಿ ಎಷ್ಟೋ ವರ್ಷದಿಂದ ಅವನ ನಾದಿನಿ ಬಂದು ಕೂರುತ್ತಿದ್ದಳು. ಮೊದಮೊದಲು ಅವನ ಹೆಂಡತಿ ಮನೆಯಲ್ಲಿ ಪಾತ್ರೆ ಎಸೆದಳಂತೆ. ಆಮೇಲೆ ಅವಳೇ, "ಬಂದೋಳು ಬಂದ್ಲು, ಬೆನ್ನು ನೋಯ್ದೆ ಇರ್ಲಿ, ಒಂದು ದಿಂಬು ತಗೊಂಡ್ಹೋಗಿ ಕೊಡಿ" ಅಂದಳು. ದಿಂಬು ಈಗಲೂ ಮೂರನೇ ಬೆಂಚಿನ ಮೇಲಿದೆ.

ನನ್ನ ನೆಂಟರ ಕಥೆ ಹೇಳುವ ಹಾಗಿಲ್ಲ. ನನ್ನನ್ನು ಸಾಕಿದ್ದು ಅಜ್ಜಿ, ಅನ್ನಕ್ಕಿಂತ ಹೆಚ್ಚು ಉಣಿಸಿದ್ದು ಕಥೆ. ಹಾಗಾಗಿ ನಾನು ಒಂದು 'ನಮೋ ಮರಿಯೆ' ಶುರುಮಾಡಿದರೆ ಮುಗಿಸುವಷ್ಟರಲ್ಲಿ ಕುಂಬಳಕಾಯಿಯೊಳಗಿನ ರಾಜಕುಮಾರ ಬಂದು ಬೀಜ ಕೊಡವಿಕೊಳ್ಳುತ್ತಿದ್ದ, ಏಳು ಹೆಡೆಯ ಹಾವು ಬಂದು ಏಳನೇ ಹೆಡೆ ಎಲ್ಲಿಡಬೇಕೆಂದು ತಿಳಿಯದೆ ಮುಂದಿನವರ ಹೆಗಲ ಮೇಲಿಡುತ್ತಿತ್ತು. ಗಂಟೆ ಹೊಡೆಯುವ ಚೌರಪ್ಪ ಪೊರಕೆ ಹಿಡಿದು ನನ್ನ ಬೆಂಚಿನ ಹತ್ತಿರವೇ ನಿಂತಿರುತ್ತಿದ್ದ. "ಫಿಲೋಮಿ, ಮನುಷ್ಯರನ್ನ ನೆನೆಸ್ಕೊಳ್ಳವ್ವ. ಇವು ಕಸ ಜಾಸ್ತಿ ಮಾಡ್ತವೆ" ಅನ್ನುತ್ತಿದ್ದ.

ನನ್ನ ಅಜ್ಜಿ ಮದಲೇನಮ್ಮನಿಗೆ ಬರುತ್ತಿದ್ದುದು ಒಂದೇ ನೆಂಟ. ಕೆಂಚಿ ಎಂಬ ಮೇಕೆ. ಅಜ್ಜಿ ಹುಡುಗಿಯಾಗಿದ್ದಾಗ ಮೇಯಿಸುತ್ತಿದ್ದ ಮೇಕೆಯಂತೆ. ಮೊದಲ ಪ್ರಸಾದ ತೆಗೆದುಕೊಂಡ ದಿನ ಹೊಸ ಲಂಗದ ಸಂಭ್ರಮದಲ್ಲಿ ಅದನ್ನು ಗುಡಿಯ ಹೊರಗೆ ಕಟ್ಟದೆ ಬಿಟ್ಟು ಬಂದಿದ್ದಳು. ಹೊರಗೆ ಬಂದು ನೋಡಿದರೆ ಮೇಕೆ ಇಲ್ಲ. ಅವತ್ತಿನಿಂದ ಅಜ್ಜಿ ಕಣ್ಣು ಮುಚ್ಚಿ ದೇವರೇ ಅಂದರೆ ಸಾಕು, ಕಿವಿಯ ಹತ್ತಿರ "ಮ್ಯಾ" ಅನ್ನುತ್ತದೆ. ಅಜ್ಜಿಗೆ ಹಲ್ಲು ಹೋಗಿ ಕೂದಲು ನರೆತರೂ ಕೆಂಚಿಗೆ ಮಾತ್ರ ವಯಸ್ಸಾಗಲಿಲ್ಲ. ಅಜ್ಜಿ ಸೊಂಟಕ್ಕೆ ಒಂದು ತುಂಡು ಹಗ್ಗ ಸಿಕ್ಕಿಸಿಕೊಂಡೇ ಗುಡಿಗೆ ಬರುತ್ತಿದ್ದಳು. ಕೆಂಚಿ ಬಂದ ಕೂಡಲೇ ಮಂತ್ರ ನಿಲ್ಲಿಸಿ ಏಳುವಳು, ಅದನ್ನು ಬೆಂಚಿನ ಕಾಲಿಗೆ ಕಟ್ಟುವಳು, ವಾಪಸು ಬಂದು ಬಿಟ್ಟ ಮಣಿಯಿಂದಲೇ ಮುಂದಕ್ಕೆ ಹಿಡಿಯುವಳು. ಅವಸರವೂ ಇಲ್ಲ, ಬೇಸರವೂ ಇಲ್ಲ, ಒಲೆಯ ಮೇಲೆ ಹಾಲು ಉಕ್ಕಿದರೆ ಇಳಿಸಿ ಬರುವ ಹಾಗೆ. ಕೆಂಚಿಗಾಗಿ ಚೌರಪ್ಪ ಹಳೆಯ ಗರಿಗಳ ಭಾನುವಾರದ ಒಣ ತೆಂಗಿನ ಗರಿ ಎತ್ತಿಟ್ಟಿರುತ್ತಿದ್ದ. ಆಶೀರ್ವಾದ ಮಾಡಿದ ಗರಿ ತಿಂದು ತಿಂದು ಆ ಮೇಕೆ ನಮ್ಮೆಲ್ಲರಿಗಿಂತ ಮೊದಲು ಮೋಕ್ಷಕ್ಕೆ ಹೋಗುತ್ತದೆಂದು ಅವನ ನಂಬಿಕೆ.

ಇಂಥ ಊರಿಗೆ, ಪಾಸ್ಕ ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ಹೊತ್ತಿಗೆ ಹಿಲರಿ ಸ್ವಾಮಿಗಳು ಬಂದರು. ಎಳೆಯ ವಯಸ್ಸು, ಕತ್ತರಿಸಿಟ್ಟಂಥ ಗಡ್ಡ. ಪೂಜೆಯ ಬಿಳಿ ಅಂಗಿಯ ಮೇಲೆ ನಡುವಿಗೆ ಕಟ್ಟುವ ಹಗ್ಗಕ್ಕೂ ಇಸ್ತ್ರಿ ಹಾಕಿಸುವ ಶಿಸ್ತು. ಅದರ ಎರಡು ಕುಚ್ಚುಗಳು ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದೆ ಸರಿಸಮ ಇಳಿಬಿದ್ದಿರುತ್ತಿದ್ದವು. ಬೂದಿ ಬುಧವಾರ ಮೊದಲ ಪೂಜೆಗೆ ನಿಂತು ಜನರ ಕಡೆ ತಿರುಗಿದರು. ಬೆಂಚುಗಳ ಮೇಲೆ ನಾದಿನಿ, ಮೇಕೆ, ಹಾವು, ಯಾರದೋ ಹೊಲಿಗೆ ಯಂತ್ರ, ಇನ್ಯಾರದೋ ಸತ್ತ ಮಾವ. ಸ್ವಾಮಿಗಳು ಪುಸ್ತಕ ಮುಚ್ಚಿದರು.

"ಇದು ಗುಡಿಯೋ ಸಂತೆಯೋ?"

"ಸಂತೆ ಗುರುವಾರ ಸ್ವಾಮಿ" ಎಂದ ಚೌರಪ್ಪ.

ಅವತ್ತಿನ ಪ್ರಸಂಗ ನನಗೆ ಇನ್ನೂ ನೆನಪಿದೆ. ಮನಸ್ಸು ಎಂಬುದು ಮನೆ, ಮನೆಗೆ ಬಾಗಿಲು ಬೇಕು, ಬಾಗಿಲಿಗೆ ಅಗುಳಿ ಬೇಕು, ನಿಮ್ಮದು ಬರೀ ಛತ್ರ ಅಂದರು. ಇಂದಿನಿಂದ ಗಂಟೆ ಹೊಡೆದಾಗ ಏಳಬೇಕು, ಗಂಟೆ ಹೊಡೆದಾಗ ಪ್ರಾರ್ಥಿಸಬೇಕು, ಗಂಟೆ ಹೊಡೆದಾಗ ಮಲಗಬೇಕು ಅಂದರು. "ಗಂಟೆ ಹೊಡೆಯೋನು ಯಾವಾಗ ಮಲಗ್ಬೇಕು ಸ್ವಾಮಿ?" ಎಂದು ಚೌರಪ್ಪ ಕೇಳಿದ. ಅದಕ್ಕೆ ಬಂದದ್ದು ಒಂದು ಕಟ್ಟಳೆ. ಪೂಜೆಯಲ್ಲಿ ಯಾರ ಪಕ್ಕ ನೆಂಟರು ಬರುತ್ತಾರೋ ಅವರು ನೆಂಟರ ಸಮೇತ ಎದ್ದು ಹೊರಗಿನ ಜಗಲಿಗೆ ಹೋಗಬೇಕು. ಹಬ್ಬಕ್ಕೆ ಹಿಂದಿನ ಗರಿಗಳ ಭಾನುವಾರದ ಹೊತ್ತಿಗೂ ಜಗಲಿಯಲ್ಲೇ ಇರುವವರಿಗೆ ಪಾಸ್ಕ ಹಬ್ಬದ ಪ್ರಸಾದವಿಲ್ಲ.

ಮುಂದಿನ ಭಾನುವಾರ ಒಳಗಿದ್ದವರು ಸ್ವಾಮಿಗಳು ಒಬ್ಬರೇ. ಊರಿಡೀ ಜಗಲಿಯಲ್ಲಿತ್ತು. ಜಗಲಿ ಸಾಲದೆ ಬರ್ತಲೋಮಿಯ ನಾದಿನಿ ಹುಣಸೆಮರದ ಕೆಳಗೆ ನಿಂತಿದ್ದಳು. ಸ್ವಾಮಿಗಳು ಖಾಲಿ ಬೆಂಚುಗಳಿಗೆ ಪ್ರಸಂಗ ಮಾಡಿದರು. ಅವರ ಪಕ್ಕದಲ್ಲಿ ಏನೂ ಬಂದಿರಲಿಲ್ಲ. "ಪುಣ್ಯಾತ್ಮರು" ಎಂದರು ಹೆಂಗಸರು. "ಇನ್ನೂ ನೀರು ಹತ್ತಿಲ್ಲ" ಎಂದ ಚೌರಪ್ಪ.

ಆಮೇಲೆ ನಮ್ಮೂರಲ್ಲಿ ನಡೆದ ಸಾಹಸಗಳನ್ನು ನೋಡಬೇಕಿತ್ತು. ಬೀದಿಯಲ್ಲಿ ಯಾರೂ ಯಾರನ್ನೂ ಮಾತನಾಡಿಸುತ್ತಿರಲಿಲ್ಲ, ಮಾತನಾಡಿಸಿದರೆ ಅವರ ಮುಖ ಮನಸ್ಸಿನಲ್ಲಿ ಉಳಿದು ಸಂಜೆ ಜಪಸರದ ಹೊತ್ತಿಗೆ ಬಂದು ಕೂರುತ್ತದೆಂದು. ನಾಲಿಗೆಯ ಕೆಳಗೆ ಮೆಣಸಿಟ್ಟುಕೊಂಡು ಪ್ರಾರ್ಥಿಸಿದವರ ಪಕ್ಕ ನೀರಿನ ಕೊಡ ಬಂದು ಕೂತಿತು. ಮೊಣಕಾಲ ಕೆಳಗೆ ರಾಗಿ ಹರಡಿಕೊಂಡವರ ಪಕ್ಕ ರಾಗಿಮುದ್ದೆ ಬಂತು, ಜೊತೆಗೆ ಸೊಪ್ಪಿನ ಸಾರು. ನಾನಂತೂ ಹಾವನ್ನು ನೆನೆಯಬಾರದು ನೆನೆಯಬಾರದು ಎಂದು ಎಷ್ಟು ಗಟ್ಟಿಯಾಗಿ ಅಂದುಕೊಂಡೆನೆಂದರೆ, ಅದು ಸಂಸಾರ ಸಮೇತ ಬಂತು.

ದಾರಿ ಕಂಡುಹಿಡಿದವಳು ಮರಿಯಮ್ಮನ ಸಂಘದ ಮುಖ್ಯಸ್ಥೆ ತೆರೇಜಮ್ಮ. ಒಂದು ಭಾನುವಾರ ನೋಡುತ್ತೇನೆ, ಅವಳೊಬ್ಬಳೇ ಒಳಗೆ ಕೂತಿದ್ದಾಳೆ, ಪಕ್ಕದಲ್ಲಿ ಗಾಳಿಯೂ ಇಲ್ಲ. ಸ್ವಾಮಿಗಳು ಅವಳ ಕಡೆ ಕೈ ತೋರಿಸಿ, "ನೋಡಿ, ಇದು ಶಿಸ್ತು" ಅಂದರು. ಪೂಜೆ ಮುಗಿದಮೇಲೂ ಜಪಸರ ಹಿಡಿದು ತುಟಿ ಆಡಿಸುತ್ತಿದ್ದವಳ ಹಿಂದೆ ಹೋಗಿ ಕಿವಿಗೊಟ್ಟೆ.

"ನಾಕು ಪಾವು ಅಕ್ಕಿ, ಒಂದು ಪಾವು ಉದ್ದು, ಒಂದು ಚಮಚ ಮೆಂತ್ಯ" ಅನ್ನುತ್ತಿದ್ದಳು, ಮಣಿ ತಪ್ಪದೆ, ರಾಗ ತಪ್ಪದೆ.

"ಅಕ್ಕಾ, ಇದೇನು?"

ತೆರೇಜಮ್ಮ ನನ್ನ ಕೈ ಹಿಡಿದು ಕಂಬದ ಹಿಂದಕ್ಕೆ ಎಳೆದಳು. "ಕೂಗ್ಬೇಡ ಕಣೇ. ಪ್ರಾರ್ಥನೆ ಶುರು ಮಾಡಿದ್ರೆ ತಾನೆ ಮನಸ್ಸು ಜಾರೋದು? ನಾನು ಶುರುನೇ ಮಾಡೋಲ್ಲ. ಹತ್ತದೆ ಇರೋಳು ಬೀಳ್ತಾಳಾ?"

ಎಷ್ಟು ಸುಲಭ! ಆ ವಾರ ಈ ಗುಟ್ಟು ನೀರು ಸೇದುವ ಕಡೆಯಿಂದ ಬೀಡಿ ಅಂಗಡಿಯವರೆಗೆ ಹೋಗಿ ಬಂತು. ಮುಂದಿನ ಭಾನುವಾರ ಅರ್ಧ ಊರು ಒಳಗಿತ್ತು, ಅದರ ಮುಂದಿನ ಭಾನುವಾರ ಇಡೀ ಊರು. ಬೆಂಚುಗಳ ಮೇಲೆ ಒಂದು ನೊಣವೂ ಇಲ್ಲ. ಎಲ್ಲರೂ ಬೆನ್ನು ನೆಟ್ಟಗೆ ಮಾಡಿ, ಕೈ ಜೋಡಿಸಿ, ದೋಸೆ ಹಿಟ್ಟು, ತೂಕದ ಬಟ್ಟು, ಬ್ಯಾಂಡಿನ ಸ್ವರ ಪಿಟಿಪಿಟಿ ಹೇಳಿಕೊಳ್ಳುತ್ತಿದ್ದೆವು. ಹಿಲರಿ ಸ್ವಾಮಿಗಳ ಕಣ್ಣಲ್ಲಿ ನೀರು ಬಂತು. ಇಂಥ ಸಭೆ ಬಿಷಪ್ಪರ ಊರಿನಲ್ಲೂ ಇಲ್ಲ ಅಂದರು. ಕನಸುಕಣ್ಣಿನ ಫಿಲೋಮಿನಾಳೇ ಬದಲಾಗಿದ್ದಾಳೆ ಎಂದು ನನ್ನನ್ನು ಮೊದಲ ಬೆಂಚಿಗೆ ತಂದು ಕೂರಿಸಿದರು. ನಾನು ಅಲ್ಲಿ ಕೂತು ಗೋಡೆಯ ಮೇಲಿನ ಹಲ್ಲಿಗೆ ಹೆಸರಿಡುತ್ತಿದ್ದೆ.

ಜಗಲಿಯಲ್ಲಿ ಉಳಿದದ್ದು ಇಬ್ಬರೇ. ಅಜ್ಜಿ ಮತ್ತು ಕೆಂಚಿ.

ನನಗೆ ಒಳಗೆ ಕೂತು ಎಲ್ಲ ಕೇಳಿಸುತ್ತಿತ್ತು. ಅಜ್ಜಿಯ ಮಂತ್ರ ಹೊರಡುವುದು, ಮ್ಯಾ, ಮೊಣಕಾಲ ಗಂಟು ಲಟಕ್ಕೆಂದು ಏಳುವುದು, ಹಗ್ಗ ಸರಿಯುವ ಸದ್ದು, ಮತ್ತೆ ಮಂತ್ರ. ಮಂಡಿ ನೋಯುವ ಮುದುಕಿಗೆ ಜಗಲಿಯ ಕಲ್ಲು. ಒಂದು ಮಧ್ಯಾಹ್ನ ಅವಳು ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಾಗ ತೆರೇಜಮ್ಮನ ಉಪಾಯವನ್ನು ಅವಳ ಕಿವಿಗೆ ಹಾಕಿದೆ.

"ಪ್ರಾರ್ಥನೆ ಮಾಡ್ಬೇಡ ಅಜ್ಜಿ. ಸುಮ್ನೆ ತುಟಿ ಆಡಿಸು, ಅಷ್ಟೆ. ಎಲ್ರೂ ಹಂಗೇ ಮಾಡ್ತಿರೋದು."

ಅಜ್ಜಿ ಕುಟ್ಟಾಣಿ ನಿಲ್ಲಿಸಿದಳು. "ಅಷ್ಟಕ್ಕೆ ಗುಡಿಗ್ಯಾಕೆ ಹೋಗ್ಬೇಕೇ? ಇಲ್ಲೇ ಕೂತ್ಕಂಡು ಅಡಿಕೆ ಅಗೀಬೋದಲ್ಲ, ತುಟಿನೂ ಆಡ್ತದೆ, ರಸಾನೂ ಬತ್ತದೆ."

"ಹಂಗಾದ್ರೆ ಮೇಕೆನ ಬರದಂಗೆ ಮಾಡು."

"ಅದ್ಯಾವ ಸೀಮೆ ಮಾತು? ಮೇಕೆ ಬರೋದು ಮೇಕೆ ಬುದ್ಧಿ. ಕಟ್ಟಿ ವಾಪಸ್ ಬರೋದು ನನ್ ಬುದ್ಧಿ. ಎಲ್ಡೂ ನಾನೇ ಮಾಡಕಾಯ್ತದಾ?"

"ಪಾಸ್ಕದ ಪ್ರಸಾದ ಕೊಡೋಲ್ವಂತೆ ಅಜ್ಜಿ."

ಆಗ ಅವಳ ಮುಖ ಸಣ್ಣದಾಯಿತು. ಕುಟ್ಟಿದ ಅಡಿಕೆ ಕುಟ್ಟಾಣಿಯಲ್ಲೇ ಉಳಿಯಿತು. ಗಂಡ ಸತ್ತ ವರ್ಷವೂ, ನನ್ನ ಅಪ್ಪ ಅವ್ವ ಇಬ್ಬರನ್ನೂ ಜ್ವರ ಕೊಂಡೊಯ್ದ ವರ್ಷವೂ ಅಜ್ಜಿ ಪಾಸ್ಕದ ಪ್ರಸಾದ ತಪ್ಪಿಸಿದವಳಲ್ಲ. ಅದು ನಾಲಿಗೆಯ ಮೇಲೆ ಕರಗದೆ ಹಬ್ಬದ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಅನ್ನುತ್ತಿದ್ದಳು. "ನೀ ಮೊದಲ್ನೇ ಬೆಂಚಲ್ಲಿ ಕೂತ್ಕತೀಯಲ್ಲ" ಎಂದಳು ಕೊನೆಗೆ, ನನ್ನ ಕಡೆ ನೋಡದೆ. "ಸ್ವಾಮಿಗೊಳ್ಗೆ ಒಂದ್ ಮಾತು ಹೇಳ್ನೋಡು. ಒಂದಿನ. ಹಬ್ಬದ್ ದಿನ ಒಂದಿನ."

ನನ್ನ ಅಜ್ಜಿ ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಕಥೆಯಲ್ಲಿ ರಾಕ್ಷಸನೆದುರು ನಿಂತ ಮುದುಕಿಯರೂ ಅವಳ ಬಾಯಲ್ಲಿ ರಾಕ್ಷಸನನ್ನೇ ಗದರಿಸುತ್ತಿದ್ದರು. ನಾನು ಅವತ್ತೇ ಸ್ವಾಮಿಗಳ ಮನೆಗೆ ಹೋದೆ.

ಹಿಲರಿ ಸ್ವಾಮಿಗಳು ವರಾಂಡದಲ್ಲಿ ನಿಂತು ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದರು. "ಬಾ ಫಿಲೋಮಿನಾ. ನಿಮ್ಮೂರ ನೀರು ಮೊದಲು ಸಪ್ಪೆ ಅನ್ನಿಸಿತ್ತು. ಈಗ ಎಷ್ಟು ಕುಡಿದರೂ ಸಾಲದು" ಅಂದರು. ಅಜ್ಜಿಯ ವಿಷಯ ಹೇಳಿದೆ. ಅವರಿಗೆ ಕಲ್ಲೆದೆಯೇನೂ ಇರಲಿಲ್ಲ, ನಿಜವಾಗಿಯೂ ನೊಂದುಕೊಂಡರು. ಆದರೆ ಒಬ್ಬರಿಗೆ ಅಗುಳಿ ತೆಗೆದರೆ ಊರಿಗೇ ತೆಗೆದಂತೆ ಅಂದರು. ತಾವು ಸಣ್ಣವರಿದ್ದಾಗ ಪ್ರಾರ್ಥನೆಯಲ್ಲಿ ಕಣ್ಣು ಬಿಟ್ಟಿದ್ದಕ್ಕೆ ಜಪ ಕಲಿಸುವ ಉಪದೇಶಿಯಿಂದ ತಿಂದ ಪೆಟ್ಟು ಹೇಳಿದರು. "ಅಜ್ಜಿಗೆ ನೀನೇ ಕಲಿಸು. ನೀನು ಹೇಗೆ ಗೆದ್ದೆ, ಹೇಳಿಕೊಡು."

"ಸ್ವಾಮಿ, ನಾನು ಗೆದ್ದಿಲ್ಲ. ನಾನು ಪ್ರಾರ್ಥನೆನೇ ಮಾಡ್ತಿಲ್ಲ."

ಸ್ವಾಮಿಗಳು ನಸುನಕ್ಕರು. "ಸಂತರೂ ಹೀಗೇ ಹೇಳುತ್ತಿದ್ದರು."

"ಅಲ್ಲ ಸ್ವಾಮಿ, ದೇವರಾಣೆಗೂ. ನಾನು ಹಲ್ಲಿಗಳಿಗೆ ಹೆಸರಿಡ್ತಿದ್ದೀನಿ. ಇಲ್ಲಿಗೆ ಒಂದು ಗೋಡೆ ಪೂರ್ತಿ ಮುಗೀತು."

"ಎಂಥ ದೀನತೆ!" ಎಂದು ಅವರು ನನ್ನ ತಲೆ ಮುಟ್ಟಿ ಹರಸಿದರು. ಸತ್ಯ ಹೇಳಿ ಆಶೀರ್ವಾದ ಪಡೆದು ಬರಿಗೈಯಲ್ಲಿ ಬಂದವಳು ನಾನೊಬ್ಬಳೇ ಇರಬೇಕು.

ಪಾಸ್ಕ ಹಬ್ಬದ ಬೆಳಗ್ಗೆ ಅಜ್ಜಿ ಗಂಟೆಗೆ ಮುಂಚೆ ಎದ್ದು ತಲೆಗೆ ನೀರು ಹಾಕಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಳು. ಸೊಂಟಕ್ಕೆ ಹಗ್ಗ ಸಿಕ್ಕಿಸಿಕೊಂಡಳು. "ಇವತ್ತಾದರೂ ಅದನ್ನ ಬಿಟ್ಟು ಬಾ" ಎಂದೆ. "ಹಗ್ಗ ಬಿಟ್ಟೋದ್ರೆ ಮೇಕೆ ಬಿಟ್ಟೋಯ್ತದಾ?" ಎಂದಳು. ಗುಡಿಯ ಬಾಗಿಲವರೆಗೆ ಜೊತೆಯಲ್ಲಿ ಬಂದು, ನಾನು ಒಳಗೆ ಹೋದೆ, ಅವಳು ಜಗಲಿಯ ಕಲ್ಲಿನ ಮೇಲೆ ಕೂತಳು. ಅವಳು ಕೂತ ಜಾಗದಿಂದ ಪೀಠ ಕಾಣುವುದಿಲ್ಲ, ಬಾಗಿಲ ಸಂದಿಯಲ್ಲಿ ಸಂತ ಅಂತೋಣಿಯವರ ಒಂದು ಮೊಣಕೈ ಮಾತ್ರ ಕಾಣುತ್ತದೆ.

ಗುಡಿ ಅಷ್ಟು ಚೆನ್ನಾಗಿ ಹಿಂದೆಂದೂ ಕಂಡಿರಲಿಲ್ಲ. ಬಿಳಿ ಹೂವು, ಹೊಸ ಮೇಣದ ಬತ್ತಿ, ಬೆಂಚುಗಳ ತುಂಬ ನೆಟ್ಟಗೆ ಕೂತ ಜನ. ನಲವತ್ತು ದಿನ ಮಾಂಸ ಮುಟ್ಟದ ಊರು. ಪ್ರತಿ ಮನೆಯ ಒಲೆಯ ಮೇಲೂ ಕೋಳಿ ಸಾರು ಇಟ್ಟು ಬಂದಿದ್ದೆವು. ಆದರೂ ಬೆಂಚಿನ ಮೇಲೆ ಒಂದು ಕೋಳಿ ಪುಕ್ಕವೂ ಕಾಣಿಸಲಿಲ್ಲ, ಯಾಕೆಂದರೆ ಯಾರೂ ಪ್ರಾರ್ಥಿಸುತ್ತಿರಲಿಲ್ಲ. ಹಿಲರಿ ಸ್ವಾಮಿಗಳು ದೊಡ್ಡ ಪ್ರಾರ್ಥನೆಗೆ ಕೈ ಚಾಚಿದರು. ಅವರು ಮಾತ್ರ ನಿಜವಾಗಿ ಪ್ರಾರ್ಥಿಸುತ್ತಿದ್ದರು, ಅದು ಅವರ ದನಿಯಲ್ಲೇ ತಿಳಿಯುತ್ತಿತ್ತು. ನಡುವೆ ಒಮ್ಮೆ ತಲೆ ಎತ್ತಿ ನಮ್ಮನ್ನು ನೋಡಿದರು. ಮುಖದಲ್ಲಿ ಎಂಥ ತೃಪ್ತಿ.

ನನ್ನ ಪಕ್ಕದ ಖಾಲಿ ಜಾಗ ಕಿರ್ ಅಂದಿತು. ಓರೆಗಣ್ಣಲ್ಲಿ ನೋಡಿದೆ. ನಾನೇ ಕೂತಿದ್ದೆ.

ಅದೇ ಸೀರೆ, ಅದೇ ಜಡೆ. ಜಡೆ ಮಾತ್ರ ನನ್ನದಕ್ಕಿಂತ ಬಿಗಿಯಾಗಿತ್ತು. ಹಿಂದೆ ತೆರೇಜಮ್ಮನ ಪಕ್ಕ ತೆರೇಜಮ್ಮ, ಬರ್ತಲೋಮಿಯ ಪಕ್ಕ ದಿಂಬಿಗೆ ಒರಗದೆ ಬರ್ತಲೋಮಿ, ಬಾಗಿಲಲ್ಲಿ ಪೊರಕೆ ಹಿಡಿದ ಚೌರಪ್ಪನ ಪಕ್ಕ ಸ್ನಾನ ಮಾಡಿದ ಚೌರಪ್ಪ. ಸ್ವಾಮಿಗಳಿಗೆ ನೀರು ಹತ್ತಿತ್ತು. ದೇವರ ಮುಂದೆ ನಿಂತು ಅವರ ಮನಸ್ಸು ಜಾರಿದ್ದು ನಮ್ಮ ಕಡೆಗೆ, ನಮ್ಮ ಶಿಸ್ತಿನ ಕಡೆಗೆ. ಅವರು ಅಂದುಕೊಂಡಂಥ ನಾವೆಲ್ಲ ಬಂದು ನಮ್ಮ ಪಕ್ಕ ಕೂತಿದ್ದೆವು.

ಸ್ವಾಮಿಗಳ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. "ನಿಜವಾದವರು ಎದ್ದು ನಿಲ್ಲಿ" ಅಂದರು. ನಮಗಿಂತ ಮೊದಲು ನೆಂಟರೇ ಎದ್ದು ನಿಂತರು. ಹೇಳಿದ ಮಾತು ಕೇಳುವುದರಲ್ಲಿ ಅವರು ನಮಗಿಂತ ಮುಂದು.

"ಸ್ವಾಮಿ, ನಾನೇ ನಿಜವಾದ ತೆರೇಜ" ಎಂದು ತೆರೇಜಮ್ಮ ಕೂಗಿದಳು.

"ಸ್ವಾಮಿ, ನಾನೇ ನಿಜವಾದ ತೆರೇಜ" ಎಂದಳು ಪಕ್ಕದವಳು, ಇನ್ನಷ್ಟು ಇಂಪಾಗಿ.

ಚೌರಪ್ಪ ಪೊರಕೆ ಎತ್ತಿದ. ಯಾರಿಗೆ ಬೀಸಬೇಕೆಂದು ತಿಳಿಯದೆ ಇಳಿಸಿದ. "ಬೇಗ ಬೇಗ ಪ್ರಾರ್ಥನೆ ಮುಗಿಸಿ ಆಮೆನ್ ಅಂದ್ಬಿಡಿ ಸ್ವಾಮಿ, ಹೋಗ್ತಾರೆ." ಸ್ವಾಮಿಗಳು ಕಣ್ಣು ಮುಚ್ಚಿ ಮೊದಲಿನಿಂದ ಶುರುಮಾಡಿದರು. ಆದರೆ ಒಂದು ಸಾಲು ದಾಟುವಷ್ಟರಲ್ಲಿ ಮನಸ್ಸು ಮತ್ತೆ ಜಾರಿತು. ಬೆಂಚುಗಳು ಇನ್ನೊಮ್ಮೆ ಕಿರ್ ಅಂದವು. ಈಗ ಮೂರು ಮೂರು ತೆರೇಜಮ್ಮ. ಊರಿಗೆ ಒಬ್ಬಳೇ ಹೆಚ್ಚಾಗಿತ್ತು. ಸ್ವಾಮಿಗಳು ಪೀಠ ಹಿಡಿದುಕೊಂಡು ನಿಂತರು, ಹಣೆಯಿಂದ ಬೆವರು ಇಳಿಯುತ್ತಿತ್ತು. ಪೂಜೆ ನಿಂತುಹೋಯಿತು. ಆಮೆನ್ ಇಲ್ಲದೆ ನೆಂಟರು ಹೋಗುವುದಿಲ್ಲ, ನೆಂಟರು ಹೋಗದೆ ಅವರಿಗೆ ಆಮೆನ್ನಿನವರೆಗೆ ಹೋಗಲಾಗುವುದಿಲ್ಲ. ನನಗೆ ಒಂದೇ ಯೋಚನೆ. ಇವತ್ತು ಪ್ರಸಾದ ಯಾರಿಗೂ ಇಲ್ಲ, ಇನ್ನು ಅಜ್ಜಿಗೆ ಎಲ್ಲಿಂದ?

ಆಗ ಬಾಗಿಲಲ್ಲಿ "ಮ್ಯಾ" ಎಂದು ಕೇಳಿಸಿತು.

ಅಜ್ಜಿ ಒಳಗೆ ಬರುತ್ತಿದ್ದಳು. ಒಂದು ಕೈಯಲ್ಲಿ ಕೆಂಚಿಯ ಹಗ್ಗ, ಇನ್ನೊಂದು ಕೈಯಲ್ಲಿ ಬೆಂಚುಗಳ ಅಂಚು ಹಿಡಿದುಕೊಳ್ಳುತ್ತ, ನಡುದಾರಿಯಲ್ಲಿ, ಯಾರ ಮುಖವನ್ನೂ ನೋಡದೆ. ಕೆಂಚಿಯನ್ನು ಮೊದಲ ಬೆಂಚಿನ ಕಾಲಿಗೆ ಕಟ್ಟಿ ಸೊಂಟದ ಮೇಲೆ ಕೈಯಿಟ್ಟು ಪೀಠದ ಕಡೆ ನೋಡಿದಳು.

"ಹೊರಗಡೆಯಿಂದ ಕೇಳ್ತಾನೇ ಇದೀನಿ ಸ್ವಾಮಿ. ಬತ್ತೀರ, ಹೋಯ್ತೀರ, ಬತ್ತೀರ, ಹೋಯ್ತೀರ. ಓಡಿಸ್ಬೇಡಿ ಅವ್ರನ್ನ. ಓಡ್ಸಿದ್ರೆ ಇನ್ನೊಂದ್ ನಾಕ್ ಜನ ಕರ್ಕಂಬತ್ತಾರೆ. ಒಬ್ಬರನ್ನ ಹಿಡ್ದು ಕಟ್ಟಿ ಹಾಕಿ, ಬಿಟ್ಟ ಸಾಲಿಂದ ಹಿಡ್ಕೊಳಿ."

"ಕಟ್ಟುವುದೆ? ಯಾವುದರಲ್ಲಿ?" ಸ್ವಾಮಿಗಳ ದನಿ ಸಣ್ಣ ಮಕ್ಕಳ ದನಿಯ ಹಾಗಿತ್ತು.

"ನಿಮ್ ಸೊಂಟದಲ್ಲೇ ಐತಲ್ಲ ಹಗ್ಗ. ಅದ್ಯಾಕೆ ಅಂದ್ಕಂಡಿದ್ರಿ, ಚೆಂದಕ್ಕಾ?"

ಸ್ವಾಮಿಗಳು ತಮ್ಮ ನಡು ನೋಡಿಕೊಂಡರು. ಸರಿಸಮ ಇಳಿಬಿದ್ದ ಕುಚ್ಚುಗಳು. ಹಗ್ಗ ಬಿಚ್ಚಿದರು. ಪೀಠದ ಮೆಟ್ಟಿಲಿಳಿದು ಮೊದಲ ಬೆಂಚಿನ ಮುಂದೆ, ನನ್ನ ಮುಂದೆ, ಅಂದರೆ ನನ್ನ ಮತ್ತು ನನ್ನ ಮತ್ತು ನನ್ನ ಮುಂದೆ ಬಂದು ನಿಂತರು.

"ಇವರಲ್ಲಿ ನೆಂಟಳು ಯಾರಮ್ಮ?"

"ಪ್ರಾರ್ಥನೆ ಮಾಡ್ಸಿ. ನೆಂಟರ್ಗೆ ನೆಂಟರು ಬರಾಕಿಲ್ಲ." ಅಜ್ಜಿ ಜನರ ಕಡೆ ತಿರುಗಿದಳು. "ಎಲ್ರೂ ಒಂದ್ ಪರಲೋಕ ಮಂತ್ರ ಹೇಳಿ. ನಿಜವಾಗ್ ಹೇಳಿ, ದೋಸೆ ಹಿಟ್ಟಲ್ಲ. ಆಮೆನ್ ಮಾತ್ರ ಬಾಯಲ್ಲೇ ಇಟ್ಕೊಳಿ."

ಮೊದಲು ಬರ್ತಲೋಮಿ ಶುರುಮಾಡಿದ. ನಾದಿನಿ ಬಂದಳು, ಬಂದವಳೇ ದಿಂಬು ಹುಡುಕಿಕೊಂಡಳು. ಅವನ ಹೆಂಡತಿ, "ಬಂದ್ಯಾ ತಾಯಿ, ನನ್ನ ಗಂಡ ಇವನೇ" ಎಂದು ನಿಟ್ಟುಸಿರು ಬಿಟ್ಟಳು. ಚೌರಪ್ಪನ ಪಕ್ಕದಲ್ಲಿ ಹಾಸಿಗೆ ಹಾಸಿದ ಮಂಚವೇ ಬಂತು. ಆಮೇಲೆ ಕೋಳಿ ಸಾರು. ಅಯ್ಯೋ, ಆ ಕೋಳಿ ಸಾರು! ಬೆಂಚಿನಿಂದ ಬೆಂಚಿಗೆ ಪಾತ್ರೆಗಳು, ಮಡಕೆಗಳು, ಹಬೆಯಾಡುವ ಮುಚ್ಚಳಗಳು. ಧೂಪದ ಹೊಗೆಯಲ್ಲಿ ಕೊತ್ತಂಬರಿ ಚಕ್ಕೆ ಲವಂಗ ಬೆರೆತವು. ವಾರಗಟ್ಟಲೆ ಪ್ರಾರ್ಥಿಸದೆ ಇದ್ದ ಊರು ಒಮ್ಮೆಲೇ ಪ್ರಾರ್ಥಿಸತೊಡಗಿತ್ತು. ಎಲ್ಲರ ಪಕ್ಕದಲ್ಲೂ ಏನೋ ಒಂದು ಬಂತು, ನೆಟ್ಟಗೆ ಕೂತ ಆ ಅಚ್ಚುಕಟ್ಟಿನ ನೆಂಟರನ್ನು ಬಿಟ್ಟು.

ನನ್ನ ಪಕ್ಕದಲ್ಲಿ ಏನೂ ಬರಲಿಲ್ಲ.

ಮಂತ್ರ ಹೇಳುತ್ತಿದ್ದೆ, ಮಾತು ಬರುತ್ತಿತ್ತು, ಒಳಗೆ ಮಾತ್ರ ಯಾರೂ ಇರಲಿಲ್ಲ. ಇಷ್ಟು ದಿನ ಶುರುಮಾಡದೇ ಇದ್ದು ಇದ್ದು ಶುರುಮಾಡುವುದು ಹೇಗೆಂಬುದೇ ಮರೆತಿತ್ತು. ಬಲಕ್ಕೆ ಕೂತ ನಾನು ನನಗಿಂತ ಸ್ಪಷ್ಟವಾಗಿ ಹೇಳುತ್ತಿದ್ದಳು. ಎಡಕ್ಕೆ ಕೂತವಳು ಅವಳಿಗಿಂತ ಚೆನ್ನಾಗಿ. ಸ್ವಾಮಿಗಳು ಹಗ್ಗ ಹಿಡಿದು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು, ಆಮೇಲೆ ನನ್ನ ಮುಂದೆ ನಿಂತು ನನ್ನ ಮಣಿಕಟ್ಟು ಹಿಡಿದರು. ನಾನೇ ನೆಂಟಳಿರಬಹುದೆ? ಆಮೆನ್ ಅಂದಕೂಡಲೇ ನಾನು ಇಲ್ಲವಾಗಿ, ಇವರಿಬ್ಬರಲ್ಲಿ ಒಬ್ಬಳು ಅಜ್ಜಿಯ ಕೈಹಿಡಿದು ಮನೆಗೆ ಹೋಗಿ ಸಾರಿಗೆ ಉಪ್ಪು ನೋಡುತ್ತಾಳೆಯೆ?

ಅನುದಿನದ ಆಹಾರವನ್ನು ಇಂದು ನಮಗೆ ಕೊಡು ಎಂದು ಅನ್ನ ಕೇಳುವ ಸಾಲು ಬಂತು. ಅಜ್ಜಿ ಬೆಂಚಿನ ಅಂಚು ಹಿಡಿದು ನಿಂತಿದ್ದಳು. ಜಗಲಿಯ ಕಲ್ಲಿನ ಗುರುತು ಅವಳ ಸೀರೆಯ ಮೇಲೆ ಮಣ್ಣಾಗಿ ಕೂತಿತ್ತು. ಈ ಮುದುಕಿಗೆ ಇವತ್ತು ಕೊಡು ಎಂದೆ. ಅಷ್ಟನ್ನೇ ಎಂದೆ, ನಿಜವಾಗಿ ಎಂದೆ. ಅಂದ ಮರುಗಳಿಗೆ ಮನಸ್ಸು ಅವಳ ಕಡೆ ಜಾರಿ ಹೋಯಿತು.

ನನ್ನ ಪಕ್ಕದಲ್ಲಿ ಇನ್ನೊಬ್ಬಳು ಅಜ್ಜಿ ಕೂತಿದ್ದಳು. ಮಂಡಿ ಒತ್ತಿಕೊಳ್ಳುತ್ತ, ಬೆನ್ನು ಬಾಗಿಸಿ.

ಸ್ವಾಮಿಗಳು ನನ್ನ ಮಣಿಕಟ್ಟು ಬಿಟ್ಟರು. ಅಜ್ಜಿ ಮಾತ್ರ ಬಗ್ಗಿ ಆ ಅಜ್ಜಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಅಯ್ಯೋ ನನ್ ಕರ್ಮವೇ, ನನ್ ಸೆರಗು ಇಷ್ಟು ಹರಿದೋಗೈತಾ? ಒಬ್ಬರಾದ್ರೂ ಹೇಳ್ಬಾರ್ದಾ?" ಆಮೇಲೆ ನನ್ನ ಕಡೆ ತಿರುಗಿ, "ಏನ್ ಬಾಯ್ಬಿಟ್ಕಂಡ್ ನೋಡ್ತೀಯೇ, ಕಟ್ಟು, ಮುಂದಕ್ಕೋಗು" ಎಂದಳು.

ನನ್ನ ಹತ್ತಿರ ಹಗ್ಗ ಎಲ್ಲಿತ್ತು? ಆ ಹರಿದ ಸೆರಗಿನ ತುದಿಯನ್ನೇ ಬೆಂಚಿನ ಕಾಲಿಗೆ ಒಂದು ಸುತ್ತು ಸುತ್ತಿ ಸಡಿಲ ಗಂಟು ಹಾಕಿದೆ. ಹಾಕಿ, ಅನ್ನ ಕೇಳುವ ಸಾಲಿನಿಂದ ಮುಂದಕ್ಕೆ ಹಿಡಿದೆ. ನನ್ನ ಬಲಗಡೆಯವಳ ಕೈಗೆ ಸ್ವಾಮಿಗಳು ತಮ್ಮ ಹಗ್ಗ ಸುತ್ತಿ ಬೆಂಚಿಗೆ ಕಟ್ಟಿದರು. ಅವಳು ಬೇಡ ಅನ್ನಲಿಲ್ಲ, ಹೇಳಿದ ಮಾತು ಕೇಳುವವಳು. ಗಂಟು ಹಾಕಿ ಗೊತ್ತಿಲ್ಲದ ಸ್ವಾಮಿಗಳು ಮೂರು ಸಲ ಹಾಕಿದರು. ಆಮೇಲೆ ಪೀಠ ಹತ್ತಿ, ಅಂಗಿ ನಡುವಿನಲ್ಲಿ ಜೋಲುತ್ತಿದ್ದರೂ ಅದರ ಕಡೆ ನೋಡದೆ, ಬಿಟ್ಟ ಸಾಲಿನಿಂದ ಹಿಡಿದರು. ನಡುವೆ ದನಿ ಒಂದೆರಡು ಸಲ ತಡವರಿಸಿತು, ಬೆಂಚುಗಳು ಕಿರ್ ಅಂದವು. ಪ್ರತಿ ಸಲವೂ ಅವರು ತಡೆದು, ಉಸಿರು ತೆಗೆದುಕೊಂಡು, ಅಲ್ಲಿಂದಲೇ ಮುಂದೆ ಹೋದರು. ಅಂತೂ ಆಮೆನ್ ಬಂತು. ನಾವು ಬಾಯಲ್ಲಿಟ್ಟುಕೊಂಡಿದ್ದ ಆಮೆನ್ನುಗಳನ್ನೂ ಹೊರಗೆ ಬಿಟ್ಟೆವು.

ಎಲ್ಲ ಹೋದವು. ಕೋಳಿ ಸಾರು ಹೋದಾಗ ಗುಡಿಯ ತುಂಬ ಒಂದು ನಿಟ್ಟುಸಿರು ಕೇಳಿಸಿತು. ಸ್ವಾಮಿಗಳ ಹಗ್ಗ ಖಾಲಿಯಾಗಿ ನನ್ನ ಮಡಿಲಿಗೆ ಬಿತ್ತು.

ಪ್ರಸಾದಕ್ಕೆ ಎಲ್ಲರಿಗಿಂತ ಮುಂದೆ ಅಜ್ಜಿ ನಿಂತಿದ್ದಳು, ಬೇರೆಲ್ಲಿಗೂ ಹೋಗುವ ಮನಸ್ಸಿಲ್ಲದವಳ ಹಾಗೆ. ಸ್ವಾಮಿಗಳು ಮೆಟ್ಟಿಲಿಳಿದು ಬಂದರು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದಳು. ಪ್ರಸಾದ ತೆಗೆದುಕೊಂಡು ಕಣ್ಣು ಮುಚ್ಚಿದವಳ ಪಕ್ಕದಲ್ಲಿ ಕೆಂಚಿ ಮತ್ತೆ ಬಂದು ನಿಂತಿತು. ಸ್ವಾಮಿಗಳು ಅದನ್ನು ಬಳಸಿ ನಡೆದು ಮುಂದಿನವರ ಕಡೆ ಹೋದರು.

ಕಟ್ಟಳೆಯನ್ನು ಯಾರೂ ರದ್ದು ಮಾಡಲಿಲ್ಲ. ಮುಂದಿನ ಭಾನುವಾರ ನಾವೆಲ್ಲ ಅವರವರ ನೆಂಟರ ಜೊತೆ ಒಳಗೆ ಹೋಗಿ ಕೂತೆವು, ಸ್ವಾಮಿಗಳು ಯಾರನ್ನೂ ಜಗಲಿಗೆ ಕಳಿಸಲಿಲ್ಲ. ಎಲ್ಲರ ಸೊಂಟದಲ್ಲೂ ಒಂದೊಂದು ತುಂಡು ಹಗ್ಗವಿತ್ತು. ಅವರ ನಡುವಿನ ಹಗ್ಗದಲ್ಲಿ ಗಂಟು ಬಿದ್ದ ಜಾಗದ ಸುಕ್ಕು ಮಾತ್ರ ಎಷ್ಟು ಇಸ್ತ್ರಿ ಹಾಕಿದರೂ ಹೋಗಲಿಲ್ಲವಂತೆ. ಕುಚ್ಚುಗಳು ಈಗ ಒಂದು ಮೇಲೆ, ಒಂದು ಕೆಳಗೆ.

ಅದೇ ಹಬ್ಬದ ದಿನ ಅಜ್ಜಿ ಊಟ ಮುಗಿಸಿ, ಮೂಳೆ ಚೀಪಿ, ಕೈ ತೊಳೆದು ನನ್ನ ಮುಂದೆ ಸೆರಗು ಹರಡಿದಳು. "ಇಡೀ ಊರ್ಗೆ ತೋರ್ಸಿದ್ಯಲ್ಲ, ಈಗ ನೀನೇ ಹೊಲ್ಕೊಡು" ಎಂದಳು. ನಾನು ಸೂಜಿಗೆ ದಾರ ಪೋಣಿಸಿ ಹೊಲಿಯತೊಡಗಿದೆ. ಅವಳು ಗೋಡೆಗೆ ಒರಗಿ ಜಪಸರ ತೆಗೆದಳು. ಎರಡು ಮಣಿ ಹೋಗಿರಲಿಲ್ಲ, ಹೊಸಿಲಲ್ಲಿ ಕೆಂಚಿ ಬಂದು ನಿಂತಿತು. ಅಜ್ಜಿ ಏಳಲು ಹೋದಳು. ಸೆರಗು ನನ್ನ ಮಡಿಲಲ್ಲಿ ಸೂಜಿಗೆ ಸಿಕ್ಕಿಕೊಂಡಿತ್ತು.

"ಕೂತ್ಕೋ ಅಜ್ಜಿ" ಎಂದು ನಾನು ಎದ್ದೆ. ಅವಳ ಸೊಂಟದಿಂದ ಹಗ್ಗ ಎಳೆದುಕೊಂಡು, ಕೆಂಚಿಯನ್ನು ಬಾಗಿಲ ಕಂಬಕ್ಕೆ ಕಟ್ಟಿ, ವಾಪಸು ಬಂದು ಸೂಜಿ ಹಿಡಿದೆ. ಅಷ್ಟರಲ್ಲಿ ಅವಳು ಬಿಟ್ಟ ಮಣಿಯಿಂದ ಮುಂದಕ್ಕೆ ಹೋಗಿದ್ದಳು.